ಹಲಸಿನಕಾಯಿ ಪಾಸಾಯಿತು

"ಹೇಗಿದೆ ಆಂಟಿ, ಒರಿಜಿನಲ್ ಥರಾನೇ ಇದ್ಯಾ?" ನನ್ನ ಗಂಡ ಕಾತರದಿಂದ ಕೇಳಿದರು. ಗ್ರೀಸಿನ ಬೀದಿಗಳಲ್ಲಿ ಮಾಂಸವನ್ನು ರೊಟ್ಟಿಯಲ್ಲಿ ಸುತ್ತಿ ಮಾರುವ ಗೀರೋ ಎಂಬ ತಿಂಡಿಯನ್ನು ಅವರು ನೈರೋಬಿಯ ನಮ್ಮ ಫ್ಲಾಟಿನಲ್ಲಿ ಹಲಸಿನಕಾಯಿ ಹಾಕಿ ಮಾಡಿದ್ದರು. ಹುಟ್ಟು ಸಸ್ಯಾಹಾರಿಗಳಾದ ನಮಗೆ ಮಾಂಸದ ರುಚಿ ಗೊತ್ತಿಲ್ಲವಾದ್ದರಿಂದ, ಪಕ್ಕದ ಮನೆಯ ಮಂಗಳೂರಿನ ಜೆಸಿಂತಾ ಆಂಟಿಯೇ ಪರೀಕ್ಷಕರು.

ಒಂದು ತುತ್ತು ಅಗಿದ ಆಂಟಿ ತಟ್ಟೆ ಕೆಳಗಿಟ್ಟರು. "ಥೇಟ್ ಕುರಿ ಮಾಂಸ ಮಾರಾಯ್ರೆ! ಇವತ್ತು ಶುಕ್ರವಾರ. ಈಸ್ಟರ್‌ವರೆಗೆ ಶುಕ್ರವಾರ ನಮಗೆ ಮಾಂಸ ಆಗುದಿಲ್ಲ. ಹಲಸಿನಕಾಯಿಯೇ ಆಗ್ಲಿ, ನಾಲಿಗೆ ನಂಬುದಿಲ್ಲ."

ತಾವೂ ಬಾಯ್ತುಂಬ ಅಗಿಯುತ್ತಿದ್ದ ಗಂಡ, ಈ ಹೊಗಳಿಕೆ ಕಿವಿಗೆ ಬಿದ್ದದ್ದೇ ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿದರು.

ಗೆದ್ದ ಅಡುಗೆಯನ್ನು ತಿನ್ನುವವರು ಯಾರೂ ಉಳಿಯಲಿಲ್ಲ. ಕೊನೆಗೆ ನಾನು ಉಪ್ಪಿಟ್ಟು ಕೆದಕಿದೆ. ಮೂವರೂ ನೆಮ್ಮದಿಯಾಗಿ ತಿಂದೆವು. ಅದು ಯಾವ ಪ್ರಾಣಿಯಂತೆಯೂ ಇರಲಿಲ್ಲ.