ಶಹಾಪುರದ ಬಸ್ಸಿನಲ್ಲಿ ಹೇಳಿದ ಸುಳ್ಳು

ಮೊಮ್ಮಗಳು ಯಾದಗಿರಿಯ ಸ್ಪರ್ಧೆಯಲ್ಲಿ ರ‍್ಯಾಪ್ ಹಾಡುವವಳಿದ್ದಳು. ಹುಣಸಗಿಯಿಂದ ನಾನೂ ಜೊತೆಗೆ ಹೊರಟೆ; ಹರೆಯದಲ್ಲಿ ಕಾಲುವೆ ಕೂಲಿಗೆ ಹೋದಾಗ ಮೇಸ್ತ್ರಿಯ ಎದುರೇ ಅವನ ಮೇಲೆ ಹಾಡು ಕಟ್ಟಿ ಹಾಡಿದವಳು ನಾನು. ಶಹಾಪುರದಲ್ಲಿ ಬಸ್ಸು ನಿಂತಾಗ ಹಿಂದಿನ ಸೀಟಿನ ಗಂಡಸರು ಮೊಬೈಲಿನಲ್ಲಿ ರ‍್ಯಾಪ್ ಹಚ್ಚಿದರು. ಹಾಡಿನ ತುಂಬ ಹೆಂಗಸರಿಗೆ ಹೊಲಸು ಬೈಗುಳ. ಬಸ್ಸಿನ ಅರ್ಧ ಜನ ತಾಳಕ್ಕೆ ತಲೆದೂಗುತ್ತಿದ್ದರು.

ಪಕ್ಕದಾಕೆ ಕೇಳಿದಳು: "ಹುಡುಗಿಗಿ ಎಲ್ಲಿಗಿ ಕರ್ಕೊಂಡು ಹೊಂಟೀರಿ, ಯಮ್ಮಾ?"

ಮೊಮ್ಮಗಳೂ ಇಂಥದ್ದೇ ಹಾಡುತ್ತಾಳೆ ಅಂದುಕೊಂಡಾಳೆಂದು ಅಂಜಿ, "ಪರೀಕ್ಷಾ ಐತ್ರಿ," ಅಂದುಬಿಟ್ಟೆ.

ಮೊಮ್ಮಗಳು ತಿರುಗಿದಳು. "ಆಯಿ, ಬೈದು ಹಾಡೋರಿಗಿ ನಾಚಿಕಿಲ್ಲ. ನಾ ಹಾಡಿದ್ರ ನಿನಗ್ಯಾಕ ನಾಚಿಕಿ?"

ನನ್ನ ಬಾಯಿಗಿಷ್ಟು ಬೆಂಕಿ ಹಾಕಬೇಕು. ಅವಳು ನೋಟ್‌ಬುಕ್ ತೆರೆದು ತನ್ನ ಹಾಡಿನ ಒಂದು ಸಾಲನ್ನು ಗೀಟು ಎಳೆದು ಹೊಡೆದುಹಾಕಿದಳು. ನಾನು ಅಕ್ಷರ ಕೂಡಿಸಿ ಓದಿದೆ: "ಕಾಲುವಿ ಮೇಸ್ತ್ರಿಗಿ ಅಂಜಲಾರದ ಹಾಡಿದಾಕಿ ನಮ್ಮಾಯಿ."