ಕಂದು ಬೆಲ್ಟಿನ ಮೇಷ್ಟ್ರು

ಮೇಷ್ಟ್ರ ಬಲಗೈಯ ಮೊದಲೆರಡು ಗೆಣ್ಣುಗಳು ಸವೆದು ಒಂದೇ ಮಟ್ಟಕ್ಕೆ ಬಂದಿದ್ದವು. ಅಲ್ಲಿಯ ಚರ್ಮ ಹಿಮ್ಮಡಿಯ ಚರ್ಮದಂತೆ ದಪ್ಪಗೆ ಬಿಳಿಚಿಕೊಂಡಿತ್ತು. ಆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲವಾದ್ದರಿಂದ ಟೀ ಲೋಟವನ್ನು ಅಂಗೈಗೆ ಆನಿಸಿಕೊಂಡು ಕುಡಿಯುತ್ತಿದ್ದರು. ಅದೇ ಕೈ ಹಗಲೆಲ್ಲ ಜಾಲಹಳ್ಳಿಯ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುತ್ತಿತ್ತು.

ಜಾಲಹಳ್ಳಿಯ ಪಕ್ಕದ ಸಿಂಗಾಪುರವೆಂಬ ಹಳ್ಳಿಯಲ್ಲಿ ರಾಗಿ ಬೆಳೆಯುವ ಮನೆಯವರು. ಅರವತ್ತರ ದಶಕದ ಮೊದಲಲ್ಲಿ ಕಾರ್ಖಾನೆ ಅವರನ್ನು ಎರಡು ವರ್ಷ ತರಬೇತಿಗೆ ಇಂಗ್ಲೆಂಡಿಗೆ ಕಳಿಸಿತ್ತು. ಅಲ್ಲಿ ಸಂಜೆ ಹೊತ್ತು ಒಂದು ಕ್ಲಬ್ಬಿಗೆ ಹೋಗಿ, ಹಲಗೆಗೆ ಗುದ್ದಿ ಗೆಣ್ಣು ಸವೆಸಿಕೊಂಡು ಕರಾಟೆ ಕಲಿತರು. ಕಂದು ಬೆಲ್ಟಿನವರೆಗೆ ಬಂದರು. ಕಪ್ಪು ಬೆಲ್ಟಿನ ಪರೀಕ್ಷೆ ಬಾಕಿ ಇರುವಾಗಲೇ ಊರಿಗೆ ಮರಳುವ ದಿನ ಬಂತು. ಇಲ್ಲಿ ಕ್ವಾರ್ಟರ್ಸಿನ ಹಿಂದಿನ ಖಾಲಿ ಶೆಡ್ಡಿನಲ್ಲಿ ನಮ್ಮಂಥ ಏಳೆಂಟು ಕಾರ್ಮಿಕರಿಗೆ ಕಲಿಸತೊಡಗಿದರು. ನನಗಾಗ ಇಪ್ಪತ್ತೆರಡು ವರ್ಷ.

ಬೆಲ್ಟು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅವರೇ ಹೊಲಿದು ಕೊಡುತ್ತಿದ್ದರು. ಎಲ್ಲರಿಗೂ ಬಿಳಿಯದರಲ್ಲಿ ಶುರು. ಪರೀಕ್ಷೆ ಪಾಸಾದರೆ ಅದೇ ಬೆಲ್ಟು ಶೆಡ್ಡಿನ ಹಿಂದೆ ಮೂರು ಕಲ್ಲಿನ ಒಲೆಯ ಮೇಲೆ ಹಳದಿ ಬಣ್ಣದಲ್ಲಿ ಕುದಿಯುತ್ತಿತ್ತು. ಮುಂದೆ ಹಸಿರು, ಆಮೇಲೆ ಕಂದು. ಹೊಸ ಬೆಲ್ಟು ಯಾರಿಗೂ ಇಲ್ಲ. ಬಣ್ಣ ಏರಿದ ದಿನ ಯಾರಾದರೂ ಎದೆ ಉಬ್ಬಿಸಿ ನಡೆದರೆ, "ಕೊಂಬಿಗೆ ಬಣ್ಣ ಬಳಿದ್ರೆ ಎತ್ತು ಒಂದ್ ಸಾಲೂ ಜಾಸ್ತಿ ಉಳಲ್ಲ ಕಣ್ಲಾ" ಎನ್ನುತ್ತಿದ್ದರು. ಕಪ್ಪು ಯಾವಾಗ ಎಂದು ಕೇಳಿದರೆ ನಗುತ್ತಿದ್ದರು. "ನಾನೇ ಕಂದು. ನಿಂಗೆ ಕಪ್ಪು ಎಲ್ಲಿಂದ ತರ್ಲಿ?"

ಆ ಕಪ್ಪಿಗಾಗಿ ಅವರು ಇಂಗ್ಲೆಂಡಿನ ಕ್ಲಬ್ಬಿಗೆ ಪತ್ರ ಬರೆಯುತ್ತಲೇ ಇದ್ದರೆಂದು ನಮಗೆ ಗೊತ್ತಾದದ್ದು ಒಂದು ಉತ್ತರ ಬಂದಾಗ. ಪರೀಕ್ಷಕರೊಬ್ಬರು ಎರಡು ದಿನ ಬೊಂಬಾಯಿಯಲ್ಲಿ ಇರುತ್ತಾರೆ, ಅಲ್ಲಿಗೆ ಹೋದರೆ ಪರೀಕ್ಷೆ ಮಾಡುತ್ತಾರೆ. ಮೇಷ್ಟ್ರು ಆ ಕಾಗದವನ್ನು ನಮಗೆ ಎರಡು ಸಲ ಓದಿ ಹೇಳಿದರು. ರಜೆ ಸಿಕ್ಕಿತು. ರೈಲಿನ ಟಿಕೆಟ್ಟೂ ಬಂತು.

ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಹೊಡೆತ ಎದುರಿನವನ ಮೈಗೆ ಎರಡು ಬೆರಳು ದೂರದಲ್ಲಿ ನಿಲ್ಲಬೇಕು.

ಮೇಷ್ಟ್ರು ಹೊರಡಲು ನಾಲ್ಕು ದಿನವಿತ್ತು. ಶನಿವಾರ ಸಂಜೆ, ಪಾಳಿ ಮುಗಿದ ಮೇಲೆ, ನನ್ನ ಬೆಲ್ಟು ಕಂದಾಯಿತು. ಇನ್ನೂ ಒಣಗಿರಲಿಲ್ಲ, ತಡೆಯಲಾರದೆ ಒದ್ದೆಯದನ್ನೇ ಕಟ್ಟಿಕೊಂಡೆ.

"ಬಾರ್ಲಾ, ಬೊಂಬಾಯಿಗೆ ಮುಂಚೆ ನನ್ನ ಕೈಕಾಲು ವಸಿ ಸಡಿಲ ಮಾಡು" ಎಂದು ಕರೆದರು.

ಎದುರುಬದುರು ನಿಂತೆವು. ಗೋಡೆಯ ಹತ್ತಿರ ಕೂತಿದ್ದ ಗೆಳೆಯನೊಬ್ಬ ಕೂಗಿದ: "ಲೇ ಮಗಾ, ಬೆಲ್ಟ್ ಬಿಚ್ಕೊಳ್ತಿದೆ, ನೋಡ್ಕೊಳೋ!"

ಬಿಚ್ಚಿರಲಿಲ್ಲ. ಅವನು ತಮಾಷೆ ಮಾಡಿದ್ದ. ಆದರೆ ನಾನು ನನ್ನ ಹೊಸ ಬಣ್ಣವನ್ನು ನೋಡಲು ತಲೆ ಬಗ್ಗಿಸಿದೆ. ಅಷ್ಟರಲ್ಲಿ ನನ್ನ ಬಲಮುಷ್ಟಿ ಹೊರಟಾಗಿತ್ತು. ಅದು ನಿಲ್ಲಲಿಲ್ಲ.

ಮೇಷ್ಟ್ರು ಎಡಗಣ್ಣಿನ ಮೇಲೆ ಅಂಗೈ ಒತ್ತಿಕೊಂಡು ನಿಧಾನವಾಗಿ ಕೂತರು.

"ಸಾರ್, ತಪ್ಪಾಯ್ತು..."

"ಮನೇಲಿ ನಾನು ಏನಾರ ಒಂದ್ ಅಂತೀನಿ. ನೀವ್ಯಾರೂ ಬಾಯ್ ಬಿಡ್ಬ್ಯಾಡಿ. ಆಣೆ ಮಾಡ್ರಿ."

ಎಲ್ಲರೂ ಆಣೆ ಮಾಡಿದೆವು.

ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ ಹದಿನೈದು ದಿನ ಅಲುಗಾಡದಂತೆ ಮಲಗಿಸಿದರು. ಪರೀಕ್ಷಕರು ಬೊಂಬಾಯಿಗೆ ಬಂದು ಹೋದರು. ಎಡಗಣ್ಣಿನ ದೃಷ್ಟಿ ಮರಳಲಿಲ್ಲ. ಸೂಕ್ಷ್ಮ ಅಳತೆ ಓದಲಾಗದೆ ಟೂಲ್ ರೂಮು ಬಿಟ್ಟು ಸ್ಟೋರಿಗೆ ಹೋದರು.

ನಾನು ಶೆಡ್ಡಿಗೆ ಹೋಗುವುದನ್ನು ಬಿಟ್ಟೆ. ಒಂದು ಸಂಜೆ ಅವರೇ ನನ್ನ ಕೋಣೆಗೆ ಬಂದು ಕರೆದೊಯ್ದರು. ಎದುರಿಗೆ ನಿಲ್ಲಿಸಿಕೊಂಡು, ಉಳಿದ ಬಲಗಣ್ಣಿನ ಮುಂದೆ ಎರಡು ಬೆರಳು ಅಡ್ಡ ಇಟ್ಟು, "ಹೊಡಿ" ಎಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಇವತ್ತು ನಿಲ್ಲಿಸ್ದೆ ಹೋದ್ರೆ ಇನ್ಯಾವತ್ತೂ ನಿಲ್ಸಕ್ಕಾಗಲ್ಲ ನಿಂಗೆ. ಹೊಡಿ." ಹೊಡೆದೆ. ನಿಂತಿತು. ಅವರು ರೆಪ್ಪೆ ಬಡಿಯಲಿಲ್ಲ. ಕತ್ತಲಾಗುವವರೆಗೆ ಹೊಡೆಸಿದರು.

ಎರಡು ವರ್ಷದ ಮೇಲೆ ಕಾಮಾಲೆಯಲ್ಲಿ ತೀರಿಕೊಂಡರು. ಕಂದು ಬೆಲ್ಟಿನವರಾಗಿಯೇ ಹೋದರು.

ತಿಥಿ ಮುಗಿದ ಮೇಲೆ ಸಿಂಗಾಪುರದ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಆಣೆಯನ್ನು ಮುರಿದೆ.

"ಅಕ್ಕ, ಅವತ್ತು ಅವರ ಕಣ್ಣಿಗೆ ಹೊಡೆದದ್ದು ನಾನು."

ಅವರು ನನ್ನತ್ತ ತಿರುಗಿದರು.

"ಕಾರ್ಖಾನೆ ಮಿಸನ್ನಿಂದ ಕಬ್ಬಿಣದ ಚೂರು ಸಿಡಿದು ಬಿತ್ತು ಅಂದಿದ್ರು ಕಣಪ್ಪ. ಎರಡು ವರ್ಸ ದಿನಾ ಆ ಮಿಸನ್ನಿಗೆ ಶಾಪ ಆಕಿದೀನಿ. ಅವ್ರು ಉಣ್ಣೋದು ನಿಲ್ಸಿ ಅನ್ನೋರು, ಒಳ್ಳೇ ಮಿಸನ್ನು ಕಣಮ್ಮಿ, ಅದನ್ನ ಬೈಬ್ಯಾಡ ಅಂತ."