ಅವ್ವಗೆ ಒಗ್ಗದ ಇನ್ವರ್ಟರ್

“ಅವ್ವಗೆ ಇನ್ವರ್ಟರ್ ಒಗ್ಗಲಿಲ್ಲ, ಹಳೇ ಮಂದಿ, ಕಾಲಿಲೆ ತುಳದ್ರನ ಸಮಾಧಾನ.” ನಮ್ಮ ಬಳಗದಲ್ಲಿ ಈಗಲೂ ಹೀಗೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊಣಕಾಲು ಸವೆದಿದೆ, ಇನ್ನು ಹೊಲಿಗೆ ಮಿಷಿನ್ ತುಳಿಯಬೇಡಿ ಎಂದು ಡಾಕ್ಟರು ಹೇಳಿದ ವಾರವೇ ಮೋಟರ್ ಹಾಕಿಸಿಕೊಂಡವಳು ಅವ್ವ. ಒಗ್ಗದವರು ಹಾಗೆ ಮಾಡುತ್ತಾರೆಯೇ?

ತೊಂದರೆ ಇದ್ದದ್ದು ಕರೆಂಟಿನದು. ಆ ವರ್ಷ ಸವದತ್ತಿಯಲ್ಲಿ ದಿನಾ ಹತ್ತರಿಂದ ಒಂದರವರೆಗೆ ತೆಗೆಯುತ್ತಿದ್ದರು. ಅವ್ವಗೆ ಗಿರಾಕಿಗಳ ಜಂಪರ್ ಹೊಲಿಯಲು ಬಿಡುವು ಸಿಗುವ ಹೊತ್ತೂ ಅದೇ. ಜನರೇಟರಿನ ಸದ್ದು ನಮ್ಮ ಓಣಿಗೆ ಹೆಚ್ಚಾಯಿತು ಎಂದು ಅದನ್ನು ಮೊದಲೇ ಕೈಬಿಟ್ಟೆವು. ಇನ್ವರ್ಟರಿಗಿಂತ ಅದರ ಬ್ಯಾಟರಿಯೇ ತುಟ್ಟಿ ಎಂದು ಬೈಲಹೊಂಗಲದ ಅಂಗಡಿಯಲ್ಲಿ ತಿಳಿದಾಗ ಅಪ್ಪ ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಮನೋಳಿಯ ಕಾಕಾ ತಮ್ಮ ಟ್ರ್ಯಾಕ್ಟರಿಗೆ ಹೊಸ ಬ್ಯಾಟರಿ ಹಾಕಿಸಿದ್ದರು. ಹಳೆಯದನ್ನು ನಮಗೆ ಪುಕ್ಕಟೆ ಕೊಡುತ್ತೇನೆ ಎಂದಿದ್ದರು; ಅದನ್ನೇ ಹಾಕಿದರಾಯಿತು ಎಂದೆ.

“ಟ್ರ್ಯಾಕ್ಟರಿಂದು ಬ್ಯಾಡ ತಂಗಿ,” ಎಂದರು ಅಂಗಡಿಯವರು. “ಅದು ಚಾಲೂ ಮಾಡಾಕ ಒಮ್ಮೆ ಜೋರ್ ಹಾಕತೈತಿ. ತಾಸಗಟ್ಟಲೆ ಕೊಡಂಗಿಲ್ಲ.”

“ಟ್ರ್ಯಾಕ್ಟರ್ ಎಬ್ಬಸಾಕ ಹೆಚ್ಚಿಗಿ ಶಕ್ತಿ ಬೇಕೋ, ಹೊಲಿಗಿ ಮಿಷಿನ್ನಿಗೋ?”

“ಟ್ರ್ಯಾಕ್ಟರಿಗೇ ಬಿಡವಾ.”

“ಹಂಗಾದ್ರ ಅಷ್ಟು ದೊಡ್ಡದನ್ನ ಎಬ್ಬಸೂದು ಇಷ್ಟು ಸಣ್ಣದನ್ನ ಯಾಕ ನಡಸಂಗಿಲ್ರಿ?”

ಅವರು ಅಪ್ಪನ ಕಡೆ ನೋಡಿ ನಕ್ಕರು. “ಸಾಹೇಬ್ರ, ಮಗಳನ್ನ ವಕೀಲ್ಕಿ ಓದಸ್ರಿ. ಬ್ಯಾಟರಿ ಮಾತ್ರ ನನ್ನ ಮಾತು ಕೇಳಿ ತಗೊಳ್ರಿ.”

ಎದುರಾಳಿ ನಕ್ಕರೆ ಅವನ ಬಳಿ ಉತ್ತರವಿಲ್ಲ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದವು. ಮಾರುವವರು ಇನ್ನೇನು ಹೇಳುತ್ತಾರೆ ಎಂದು ಅಪ್ಪನನ್ನು ಒಪ್ಪಿಸಿದೆ. ಇನ್ವರ್ಟರ್ ಮಾತ್ರ ಕೊಂಡು, ಕಾಕಾನ ಬ್ಯಾಟರಿ ಜೋಡಿಸಿ, ಮಿಷಿನಿಗಷ್ಟೇ ತಂತಿ ಎಳೆಸಿದೆವು. ಮೊದಲ ದಿನ ಮೋಟರ್ ತಿರುಗಿದಾಗ ಅವ್ವ, “ಗೆದ್ದಿ ನೋಡ,” ಎಂದಳು.

ಹಗಲು ನಾನು ಕಾಲೇಜಿನಲ್ಲಿ, ಅಪ್ಪ ಆಫೀಸಿನಲ್ಲಿ. ರವಿವಾರ ಅವ್ವ ಹುಕ್ಕು ಹಚ್ಚುವ ಕೈಕೆಲಸ ಮಾಡುತ್ತಿದ್ದಳು. ಸಂಜೆ ಬಂದು ಬ್ಯಾಟರಿ ಹೇಗಿದೆ ಎಂದು ಕೇಳಿದರೆ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಲೇ, “ಭಾಳ ಛಲೋ ಐತಿ,” ಅನ್ನುತ್ತಿದ್ದಳು. ಎಣ್ಣೆ ಯಾಕೆ ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಪ್ರಶ್ನೆ ಕೇಳುವವಳು ನಾನು!

ದಸರೆಯ ಖಂಡೇಪೂಜೆ ಬಂತು. ಅಂದು ಮನೆಯ ಕತ್ತರಿ, ಕುಡಗೋಲು, ಮಿಷಿನ್ ಎಲ್ಲವನ್ನೂ ಒರೆಸಿ ಪೂಜೆಗಿಡಬೇಕು. ಒರೆಸಲು ಕುಳಿತಾಗ ಮೋಟರಿನ ಮೇಲೆ ಬೆರಳಚ್ಚು ಮೂಡುವಷ್ಟು ಧೂಳಿತ್ತು. ಕೆಳಗಿನ ಪೆಡಲು ಮಾತ್ರ ಫಳಫಳ ಹೊಳೆಯುತ್ತಿತ್ತು. ಪೆಡಲಿನ ಚಕ್ರಕ್ಕೆ ಹೊಸ ಚರ್ಮದ ಪಟ್ಟಾ.

“ಯಾವಾಗಿಂದವ್ವಾ?”

“ಶ್ರಾವಣದಿಂದ. ಮೋಟರ್ ಇಪ್ಪತ್ತು ಮಿನಿಟಿಗೆ ನಿಂದರಾಕ ಹತ್ತಿತ್ತು,” ಎನ್ನುತ್ತ ಬ್ಯಾಟರಿಗೆ ವಿಭೂತಿ ಎಳೆದಳು.

“ಸತ್ತ ಬ್ಯಾಟರಿಗೆ ಎಂಥಾ ಪೂಜಿ?”

“ನಿಮ್ಮ ಕಾಕಾ ಊಟಕ್ಕ ಬರತಾನ. ಬಾಯಿ ಮುಚ್ಚು.”

ಕಾಕಾ ಬಂದವರೇ ಪಟ್ಟಾ ನೋಡಿದರು. “ಯಾಕ ವೈನಿ, ಮೋಟರ್ ಬಿಟ್ರಿ?”

“ನನಗ ಒಗ್ಗಲಿಲ್ರಿ. ಹಳೇ ಮಂದಿ, ಕಾಲಿಲೆ ತುಳದ್ರನ ಸಮಾಧಾನ,” ಎಂದು ಅವ್ವ ಇನ್ನೊಂದು ಹೋಳಿಗೆ ಬಡಿಸಿದಳು.

ಕಾಕಾ ಹೋದ ಮೇಲೆ, ತಾಟು ಎತ್ತುತ್ತಿದ್ದ ಅವ್ವನನ್ನು ಕೇಳಿದೆ: “ಅಷ್ಟು ದಿನ ಆ ಕಾಲಿಲೆ ತುಳದು ನೀ ಯಾರ ಮಾನ ಉಳಿಸಿದಿ ಅವ್ವಾ, ಕಾಕಾಂದೋ, ನಂದೋ?”